ಹೇಮಾವತಿ ದಂಡೆಯ ಬಂಡೆ

ಸಕಲೇಶಪುರ
ಮಾರ್ಚ್ 20

ಪ್ರೀತಿಯ ತಂಗಿ,

ನೀನು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಹೇಮಾವತಿ ದಂಡೆಯಲ್ಲಿ ನಿನಗೊಂದು ಇಷ್ಟದ ಬಂಡೆ ಇದೆ, ವರ್ಷವಿಡೀ ಅಲ್ಲಿಗೆ ಹೋಗುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಬಂಡೆ ಒಂದು ಬಿಟ್ಟರೆ ಉಳಿದದ್ದೆಲ್ಲ ಬೇರೆ ಯಾರೋ ನೋಡಿ ಹೇಳಿದ ಹಾಗಿದೆ. ಹಸಿರು ಸೀರೆ ಉಟ್ಟ ಭೂತಾಯಿ, ಮುತ್ತಿನಂಥ ಹನಿ. ಇವು ನೀನು ನೋಡಿದ್ದಲ್ಲ, ಓದಿದ್ದು. ಅಲ್ವಾ?

ಈ ತಪ್ಪು ನಾನೂ ಮಾಡಿದ್ದೇನೆ. ನನ್ನ ಮೊದಲ ಕತೆಯಲ್ಲಿ ಶ್ರಾವಣದ ಮಳೆಯಲ್ಲಿ ಕಾಫಿ ಹೂವು ಅರಳಿಸಿದ್ದೆ. ನಮ್ಮ ಸೋದರತ್ತೆ ಓದಿ, "ಶ್ರಾವಣದಲ್ಲಿ ಎಲ್ಲಿಯ ಹೂವು ಮಗಾ? ಕಾಯಿ ಉದುರುತ್ತೆ ಅಂತ ನಾವು ಹೆದರೋ ಹೊತ್ತು ಅದು" ಅಂದರು. ಅವತ್ತು ನನಗೆ ನಿಜಕ್ಕೂ ನೋವಾಯಿತು. ತೋಟದಲ್ಲೇ ಹುಟ್ಟಿ ಬೆಳೆದವನು, ಆದರೂ ನೋಡಿರಲಿಲ್ಲ.

ಆಮೇಲೆ ನೋಡುತ್ತಾ ಕೂತೆ. ಕಾಫಿ ಹೂವಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಮೊಗ್ಗು ಬಿಸಿಲಲ್ಲಿ ಸುಮ್ನೆ ರೆಂಬೆಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಹದ ಮಳೆ ಬೀಳಬೇಕು. ಅದನ್ನೇ ನಮ್ಮವರು ಹೂಮಳೆ ಅನ್ನುವುದು. ಬಿದ್ದ ಎಂಟು-ಒಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆ ತರದ ವಾಸನೆ ರಸ್ತೆವರೆಗೂ ಬರುತ್ತದೆ. ಎರಡು-ಮೂರು ದಿನ ಅಷ್ಟೇ, ಆಮೇಲೆ ಕಂದು. ಮಳೆ ಸಾಲದಿದ್ದರೆ ಮೊಗ್ಗು ಸರಿಯಾಗಿ ಅರಳುವುದೇ ಇಲ್ಲ. ಅದಕ್ಕೇ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಿಮ್ಮ ಮನೆಯಲ್ಲೂ ಇರಬಹುದು, ಅಪ್ಪನ ಹತ್ತಿರ ಕೇಳಿ ಓದು. ತಾರೀಕು, ಅಂಕಿ ಬಿಟ್ಟರೆ ಅದರಲ್ಲಿ ಜಾಸ್ತಿ ಏನೂ ಇರುವುದಿಲ್ಲ. ಆದರೆ ಎಲ್ಲೋ ಒಂದು ಕಡೆ "ಹೂವಿಗೆ ಸಾಲದು" ಅಂತ ಬರೆದಿದ್ದರೆ, ಆ ವರ್ಷ ಆ ಮನೆ ಹೇಗೆ ನಡೆದಿರಬೇಕು ಅಂತ ಯೋಚನೆ ಮಾಡು.

ನಿನ್ನ ಬಂಡೆಗೂ ಅಂಥದ್ದೊಂದು ಪುಸ್ತಕ ಬೇಕು. ವಾರಕ್ಕೊಂದು ಸಲ, ಅದೇ ಹೊತ್ತಿಗೆ ಹೋಗು. ನೀರು ಬಂಡೆಯ ಎಲ್ಲಿವರೆಗೆ ಬಂದಿದೆ, ಬಣ್ಣ ಏನು, ಬರೆದಿಡು. ಜೂನ್‌ನಲ್ಲಿ ಕೆಂಪಗೆ ಇಳಿದ ಹೊಳೆ ಯಾವ ವಾರ ತಿಳಿಯಾಯಿತು? ಜೀರುಂಡೆ ಕೂಗು ಯಾವ ಸಂಜೆ ನಿಂತಿತು? ಸುಮ್ನೆ 'ಮರ' ಅನ್ನಬೇಡ. ಹಾಲವಾಣ ಬೇರೆ, ಅತ್ತಿ ಬೇರೆ, ಬೂರುಗ ಬೇರೆ. ಗೊತ್ತಾಗದಿದ್ದರೆ ತೋಟದಲ್ಲಿ ಕೆಲಸ ಮಾಡುವ ಹಿರಿಯರನ್ನು ಕೇಳು. ಅವರು ಜುಲೈ ಅನ್ನುವುದಿಲ್ಲ, ಪುನರ್ವಸು ಮಳೆ ಅನ್ನುತ್ತಾರೆ. ಆ ಮಾತು ನಿನ್ನ ಬರವಣಿಗೆಗೆ ಬರಲಿ.

2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ, ಹಲವು ವರ್ಷಕ್ಕೊಮ್ಮೆ ಬಿಡುವ ಕುರಿಂಜಿ ಹೂವು ಅರಳಿದಾಗ ಚಿಕ್ಕಮಗಳೂರಿಗೆ ಜನ ಮುಗಿಬಿದ್ದರು. ನಾನೂ ಹೋಗಿದ್ದೆ. ಅಷ್ಟು ನೀಲಿಯನ್ನು ಒಟ್ಟಿಗೆ ನೋಡಿ ಮಾತೇ ಹೊರಡಲಿಲ್ಲ. ಆದರೆ ಅದರ ಬಗ್ಗೆ ಒಂದು ಒಳ್ಳೆಯ ಸಾಲು ಬರೆಯೋಕೆ ನನ್ನಿಂದ ಆಗಲಿಲ್ಲ. ಒಂದೇ ದಿನದ ಪರಿಚಯ ನೋಡು. ವಾಪಸ್ ಬಂದಾಗ ಮನೆ ಹಿಂದಿನ ಹಳ್ಳದಲ್ಲಿ ಬಾಲ ಕುಣಿಸುತ್ತಾ ಕುಂಡೆಕುಸ್ಕ ಕೂತಿತ್ತು. ದೂರದ ಉತ್ತರದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯೋಕೆ ಪ್ರತಿವರ್ಷ ಇಲ್ಲಿಗೆ ಬರುವ ಹಕ್ಕಿ. ಹೋದ ವರ್ಷ ಯಾವತ್ತು ಬಂದಿತ್ತು ಅಂತ ನನ್ನ ಪುಸ್ತಕದಲ್ಲಿತ್ತು. ಅವತ್ತು ರಾತ್ರಿ ಅದರ ಬಗ್ಗೆ ನಾಲ್ಕು ಪುಟ ಬರೆದೆ.

ಪ್ರಬಂಧವನ್ನು ಈಗಲೇ ತಿದ್ದಬೇಡ, ಹಾಗೇ ಇಟ್ಟಿರು. ನಿನ್ನೆ ರಾತ್ರಿ ಇಲ್ಲಿ ಒಂದು ಇಂಚು ಹತ್ತು ಸೆಂಟ್ ಮಳೆಯಾಗಿದೆ. 28ಕ್ಕೆ ನಮ್ಮ ಮನೆಗೆ ಬಾ. ಬೆಳಿಗ್ಗೆ ಬೇಗ ತೋಟಕ್ಕೆ ಹೋಗೋಣ, ಜೇನು ಬರುವ ಮೊದಲು.

ನಿನ್ನ ಅಣ್ಣ