ಕನ್ಸೋಲ್ ಆಟವನ್ನು ಕುಗ್ಗಿಸಿದರೆ ಮೊಬೈಲ್ ಆಟ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಕಂಪನಿಗಳು ಮೊಬೈಲ್, ಸಿನಿಮಾ, ಥೀಮ್ ಪಾರ್ಕ್‌ಗಳಿಗೆ ಕಾಲಿಡುತ್ತಿರುವುದರ ಬಗ್ಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಬರಹ ಓದಿದೆವು. ಈ ಉದ್ಯಮದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಆ ಮಟ್ಟಿಗೆ ಸಂತೋಷ. ಆದರೆ ಕನ್ಸೋಲ್‌ನಲ್ಲಿ (ಆಟ ಆಡಲೆಂದೇ ಇರುವ ಯಂತ್ರದಲ್ಲಿ) ಇದ್ದ ಆಟವನ್ನೇ ಫೋನಿಗೆ ಹೊಂದಿಸಿಬಿಟ್ಟರೆ ಸಾಕು, ಗಿರಾಕಿ ಹೇಗೂ ಕೈಯಲ್ಲಿ ಫೋನ್ ಹಿಡಿದು ಕೂತಿದ್ದಾನೆ ಎಂಬ ಧಾಟಿ ಅದರಲ್ಲಿತ್ತು. ಮುಂಬೈ, ಪುಣೆಯ ಕನ್ನಡದ ಮನೆಗಳಿಂದ ಈಗ ಸಾಕಷ್ಟು ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರುತ್ತಿರುವುದರಿಂದ ಆ ಧಾಟಿಯನ್ನು ತಿದ್ದಬೇಕೆನಿಸಿತು.

ಮಾರಿಯೊ ಪಾತ್ರದ ಒಡೆಯ ನಿಂಟೆಂಡೊ ಉದಾಹರಣೆಯನ್ನೇ ತೆಗೆದುಕೊಳ್ಳಿ. 1889ರಲ್ಲಿ ಜಪಾನಿನ ಕ್ಯೋಟೊದಲ್ಲಿ ಹನಾಫುಡಾ ಎಂಬ ಆಟದ ಎಲೆಗಳನ್ನು ಮಾಡುತ್ತ ಹುಟ್ಟಿದ ಕಂಪನಿ ಅದು. ತನ್ನ ಆಟ ತನ್ನ ಯಂತ್ರದಲ್ಲೇ ನಡೆಯಬೇಕು ಎಂಬ ಹಟ ಬಿಟ್ಟು, 2015ರ ಮಾರ್ಚ್‌ನಲ್ಲಿ ಡಿಎನ್‌ಎ ಎಂಬ ಜಪಾನಿ ಕಂಪನಿಯ ಜೊತೆ ಮೊಬೈಲ್‌ಗೆ ಬರುವುದಾಗಿ ಪ್ರಕಟಿಸಿತು. ಮೊದಲು ಬಂದ ಮೀಟೊಮೊ ಎಂಬ ಆ್ಯಪ್ 2016ರಲ್ಲಿ ತೆರೆದು 2018ರ ಮೇನಲ್ಲಿ ಮುಚ್ಚಿತು. 2016ರ ಡಿಸೆಂಬರ್‌ನಲ್ಲಿ ಸೂಪರ್ ಮಾರಿಯೊ ರನ್ ಬಂತು. ಮೊದಲ ಕೆಲವು ಹಂತ ಪುಕ್ಕಟೆ, ಉಳಿದದ್ದಕ್ಕೆ ಒಂದೇ ಸಲ 9.99 ಡಾಲರ್. ಮರ್ಯಾದೆಯ ವ್ಯಾಪಾರ. ಆದರೆ ಜನವರಿ ಕೊನೆಯ ಹೊತ್ತಿಗೆ 7.8 ಕೋಟಿ ಡೌನ್‌ಲೋಡ್ ಆಗಿದ್ದರೆ, ದುಡ್ಡು ಕೊಟ್ಟವರು ನೂರಕ್ಕೆ ಐದಕ್ಕಿಂತ ತುಸು ಹೆಚ್ಚು ಅಷ್ಟೆ. ಕನ್ಸೋಲ್ ಆಟವನ್ನು ಸಾಮಾನ್ಯವಾಗಿ ಕೊಂಡೇ ಆಡುತ್ತಾರೆ. ಫೋನಿನಲ್ಲಿ ತೊಂಬತ್ತೈದು ಮಂದಿ ನೋಡಿ ಹೋಗುತ್ತಾರೆ. ಆ ಐದು ಮಂದಿಯಿಂದಲೇ ಸರ್ವರ್, ಜಾಹೀರಾತು, ಸಂಬಳ ಎಲ್ಲ ಹೊರಡಬೇಕು.

ಹಾಗಾಗಿಯೇ ಬಹಳ ಕಂಪನಿಗಳು ಗಾಚಾ ಎಂಬ ಚೀಟಿ ಎತ್ತುವ ದಾರಿಗೆ ಬೀಳುತ್ತವೆ: ದುಡ್ಡು ಕೊಟ್ಟು ಚೀಟಿ ಎತ್ತಬೇಕು, ಬೇಕಾದ ಪಾತ್ರ ಸಿಕ್ಕರೆ ಅದೃಷ್ಟ. ನಿಂಟೆಂಡೊ ಕೂಡ ಬಿತ್ತು, 2017ರ ಫೈರ್ ಎಂಬ್ಲೆಮ್ ಹೀರೋಸ್ ಹಾಗೆಯೇ ಗಳಿಸಿತು. 2019ರ ಮಾರಿಯೊ ಕಾರ್ಟ್ ಟೂರ್‌ನಲ್ಲೂ ಅದನ್ನೇ ಇಟ್ಟು, ಮೂರು ವರ್ಷದ ಬಳಿಕ 2022ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿ ನೇರ ಅಂಗಡಿ ಮಾಡಿತು. ಡಾಕ್ಟರ್ ಮಾರಿಯೊ ವರ್ಲ್ಡ್ 2021ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಅನಿಮಲ್ ಕ್ರಾಸಿಂಗ್‌ನ ಮೊಬೈಲ್ ಆಟ 2024ರ ನವೆಂಬರ್‌ನಲ್ಲಿ ನಿಂತಾಗ ಮಾತ್ರ ಆಡುವವರ ಕೈ ಬಿಡಲಿಲ್ಲ. ಒಂದೇ ಬೆಲೆಗೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಪೂರ್ತಿ ಆವೃತ್ತಿ ಬಂತು, ಹಳೆಯ ಸೇವ್ (ಅಲ್ಲಿವರೆಗೆ ಆಡಿದ್ದರ ದಾಖಲೆ) ಅದಕ್ಕೆ ಸಾಗಿಸಿಕೊಳ್ಳುವ ಅವಕಾಶವೂ ಇತ್ತು. ನಮ್ಮ ದೇಶದ ಕಂಪನಿಗಳು ನಕಲು ಮಾಡಲು ಯೋಗ್ಯವಾದದ್ದು ಇದು. ನಕಲು ಮಾಡುವುದು ಚೀಟಿಯನ್ನು.

ಇನ್ನು ಆಟವನ್ನು 'ಹೊಂದಿಸುವುದು'. ಬಣ್ಣದ ಚಿತ್ರಗಳಿಂದಲೇ ಶುರು ಮಾಡೋಣ. 2048×2048 ಅಳತೆಯ ಒಂದು ಟೆಕ್ಸ್ಚರ್ (ಆಟದ ವಸ್ತುಗಳ ಮೇಲೆ ಹೊದಿಸುವ ಚಿತ್ರ) ಕುಗ್ಗಿಸದೆ ಇಟ್ಟರೆ ಮೆಮೊರಿಯಲ್ಲಿ 16 ಎಂಬಿ ತಿನ್ನುತ್ತದೆ. ಅದನ್ನೇ ಎಎಸ್‌ಟಿಸಿ 6×6 ಎಂಬ ವಿಧಾನದಲ್ಲಿ, ಅಂದರೆ 6×6 ಚುಕ್ಕೆಗಳ ಚೌಕ ಚೌಕವಾಗಿ, ಕುಗ್ಗಿಸಿದರೆ ಸುಮಾರು 1.8 ಎಂಬಿ. ಒಂದು ದೃಶ್ಯದಲ್ಲಿ ಇಂಥವು ಐವತ್ತು ಇದ್ದರೆ 800 ಎಂಬಿ ಎಲ್ಲಿ, 90 ಎಂಬಿ ಎಲ್ಲಿ! 4 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಅರ್ಧದಷ್ಟನ್ನು ಆಂಡ್ರಾಯ್ಡ್ ಮತ್ತು ಹಿನ್ನೆಲೆಯ ಆ್ಯಪ್‌ಗಳೇ ಹಿಡಿದಿರುತ್ತವೆ. ಮಿತಿ ಮೀರಿದ ಕೂಡಲೇ ವ್ಯವಸ್ಥೆ ಆಟವನ್ನು ಸದ್ದಿಲ್ಲದೆ ಕೊಲ್ಲುತ್ತದೆ, ಎರರ್ ಸಂದೇಶವೂ ಇರುವುದಿಲ್ಲ. ಆಡುವವನಿಗೆ ಕಾಣುವುದು 'ಆಟ ತಾನಾಗೇ ಮುಚ್ಚಿಕೊಂಡಿತು' ಅಂತ. ಕುಗ್ಗಿಸುವಾಗಲೂ ಎಚ್ಚರ ಬೇಕು: 8×8ಕ್ಕೆ ಇಳಿಸಿದರೆ ಕಲ್ಲು ಮಣ್ಣಿಗೆ ಪರವಾಗಿಲ್ಲ, ಮುಖ ಮತ್ತು ಅಕ್ಷರ ಇರುವ ಚಿತ್ರಗಳಲ್ಲಿ ಚೌಕ ಚೌಕವಾಗಿ ಕಲೆ ಏಳುತ್ತದೆ.

ಡೌನ್‌ಲೋಡ್ ಗಾತ್ರ ಇನ್ನೊಂದು ಗೋಳು. ಗೂಗಲ್ ಪ್ಲೇಯಲ್ಲಿ ಮೂಲ ಭಾಗ 200 ಎಂಬಿ ದಾಟುವಂತಿಲ್ಲ, ಮಿಕ್ಕಿದ್ದು ಚಿತ್ರ, ಸದ್ದು ಇತ್ಯಾದಿ ತುಂಬಿದ ಅಸೆಟ್ ಪ್ಯಾಕ್‌ಗಳಾಗಿ ಬೇರೆಯೇ ಇಳಿಯಬೇಕು. ಮೊದಲ ಹಂತಕ್ಕೆ ಬೇಕಾದದ್ದೆಲ್ಲ ಮೂಲದಲ್ಲೇ ಇರಲಿ, ಎರಡನೆಯದು ಆಟ ಶುರುವಾದ ಮೇಲೆ ಹಿಂದಿನಿಂದ ಇಳಿಯಲಿ ಎಂದು ವಿಂಗಡಿಸುವುದೇ ವಾರಗಟ್ಟಲೆ ಕೆಲಸ. ಇದನ್ನು ತಪ್ಪಾಗಿ ವಿಂಗಡಿಸಿದ ಆಟ, ತೆರೆದ ಕೂಡಲೇ 'ಇನ್ನೂ 900 ಎಂಬಿ ಬೇಕು' ಎನ್ನುತ್ತದೆ. ಜನ ಅಲ್ಲೇ ಡಿಲೀಟ್ ಒತ್ತುತ್ತಾರೆ.

ಬಿಸಿಯ ಬಗ್ಗೆ ಹೇಳದಿದ್ದರೆ ಆಗದು. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು, 30 ಸಾಕೆಂದರೆ 33.3. ಎಸಿ ಕೋಣೆಯಲ್ಲಿ ಐದು ನಿಮಿಷ ಆಡಿ ನೋಡಿ '60 ಸಿಗುತ್ತದೆ' ಎಂದು ಬರೆದುಕೊಡುವ ಟೆಸ್ಟಿಂಗ್ ವರದಿಗೆ ಕವಡೆ ಕಿಮ್ಮತ್ತಿಲ್ಲ. ಸಾಮಾನ್ಯ ಫೋನಿಗೆ ಫ್ಯಾನ್ ಇಲ್ಲ. ಬಿಸಿ ಏರಿದಂತೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಟ ಜಗ್ಗಲು ಶುರು ಆಗುತ್ತದೆ. ಕವರ್ ಹಾಕಿದ ಫೋನನ್ನು ಮುಂಬೈಯ ಮೇ ತಿಂಗಳ ಮಧ್ಯಾಹ್ನ, ಚಾರ್ಜಿಗೆ ಹಾಕಿ, ಅರ್ಧ ಗಂಟೆ ಬಿಡದೆ ಆಡಿಸಬೇಕು. ಆಮೇಲೆ ಬರುವ ಅಂಕಿಯೇ ಅಂಕಿ. ಎಷ್ಟೋ ಸಲ 60ರ ಹಟ ಬಿಟ್ಟು 30ಕ್ಕೆ ಬೀಗ ಹಾಕುವುದೇ ಜಾಣತನ. ಒಂದೇ ಸಮನಾದ 30, ಏರಿಳಿಯುವ 60ಕ್ಕಿಂತ ಕಣ್ಣಿಗೆ ಹಿತ.

ಹೆಬ್ಬೆರಳಿನ ವಿಷಯ ಚಿಕ್ಕದು. ಪರದೆಯ ಮೇಲಿನ ಗುಂಡಿ ಕನಿಷ್ಠ 9 ಮಿಲಿಮೀಟರ್ ಇರಬೇಕು, ಬೆರಳೇ ಮುಚ್ಚಿಬಿಡುವ ಜಾಗದಲ್ಲಿ ಶತ್ರುವನ್ನು ನಿಲ್ಲಿಸಬಾರದು. ಗೇಮ್‌ಪ್ಯಾಡಿನ ಹನ್ನೆರಡು ಗುಂಡಿಗಳನ್ನು ಗಾಜಿನ ಮೇಲೆ ಬರೆದರೆ ಆಟ ಬರುವುದಿಲ್ಲ, ಹೆಬ್ಬೆರಳ ನೋವು ಬರುತ್ತದೆ.

ಹೆಚ್ಚು ಜಗಳ ಆಗುವ ಜಾಗ ಪಾವತಿ. ಕರ್ಜತ್ ಲೋನಾವಳ ಮಧ್ಯದ ಘಾಟಿಯ ಸುರಂಗಗಳಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುವುದು ಮುಂಬೈ ಪುಣೆ ರೈಲಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಸುರಂಗಕ್ಕೆ ಮುನ್ನ ಯುಪಿಐನಲ್ಲಿ 79 ರೂಪಾಯಿ ಹೋಯಿತು, ಸುರಂಗ ದಾಟುವಾಗ ಆಟದಲ್ಲಿ ನಾಣ್ಯ ಬರಲಿಲ್ಲ ಎನ್ನೋಣ. ಆಗ ಏನಾಗಬೇಕು? ಪ್ಲೇ ಸ್ಟೋರ್ ಆ ಖರೀದಿಯನ್ನು ಮೊದಲು 'ಬಾಕಿ' ಎಂದು ತೋರಿಸುತ್ತದೆ. ಆ ಸ್ಥಿತಿಯಲ್ಲಿ ನಾಣ್ಯ ಕೊಡಕೂಡದು. 'ಪೂರ್ಣ' ಎಂದಾದ ಮೇಲೆ ಆಟದ ಸರ್ವರ್ ಖರೀದಿಯ ಟೋಕನ್ (ಆ ಖರೀದಿಯ ಗುರುತು) ಅನ್ನು ಗೂಗಲ್ ಹತ್ತಿರ ತಾಳೆ ನೋಡಬೇಕು, ಆ ಟೋಕನ್‌ಗೆ ಈಗಾಗಲೇ ಕೊಟ್ಟಾಗಿದೆಯೇ ಎಂದು ಖಾತೆಯಲ್ಲಿ ನೋಡಬೇಕು, ಇಲ್ಲವಾದರೆ ಮಾತ್ರ ಕೊಟ್ಟು ಸ್ವೀಕೃತಿ ಕಳಿಸಬೇಕು. ಮೂರು ದಿನದೊಳಗೆ ಸ್ವೀಕೃತಿ ಹೋಗದಿದ್ದರೆ ಗೂಗಲ್ ತಾನಾಗಿಯೇ ದುಡ್ಡು ವಾಪಸ್ ಮಾಡುತ್ತದೆ. ಟೋಕನ್ ತಾಳೆ ನೋಡದ ಆಟದಲ್ಲಿ ಒಂದೇ ಖರೀದಿಗೆ ಎರಡು ಸಲ ನಾಣ್ಯ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಫೋನಿನೊಳಗೇ ಲೆಕ್ಕ ಇಡುವ ಆಟಗಳಿಗೆ ಈ ರೋಗ ಜಾಸ್ತಿ. ಮತ್ತೊಂದು ಮಾತು: ಗಿರಾಕಿ ಕೊಡುವ ದುಡ್ಡೂ ಪೂರ್ತಿ ಕಂಪನಿಯದಲ್ಲ. 18% ಜಿಎಸ್‌ಟಿ ಒಳಗೊಂಡ 100 ರೂಪಾಯಿಯಲ್ಲಿ ತೆರಿಗೆ ಕಳೆದರೆ ಉಳಿಯುವುದು 84.75. ಅದರಲ್ಲಿ ಪ್ಲೇ ಸ್ಟೋರ್‌ನಂಥ ಅಂಗಡಿಯ ಪಾಲೂ ಹೋಗಬೇಕು. ಆಮೇಲೆ ಗಿರಾಕಿಯನ್ನು ಕರೆತಂದ ಜಾಹೀರಾತಿನ ಖರ್ಚು.

(ಇಲ್ಲಿ ಹೇಳುತ್ತಿರುವುದು ದುಡ್ಡು ಕಟ್ಟಿ ಗೆಲ್ಲುವ ಆಟಗಳ ವಿಚಾರವಲ್ಲ. ಅವನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವ ತಲೆಬರಹಗಳಿಂದ ಮನೆಮನೆಯಲ್ಲಿ ಗೊಂದಲ.)

ಇಷ್ಟೆಲ್ಲ ಕಷ್ಟ ಇದ್ದರೂ ಕಂಪನಿಗಳು ಮೊಬೈಲ್‌ಗೆ ಯಾಕೆ ಬರುತ್ತವೆ ಎಂದರೆ, ಪಾತ್ರದ ಸಲುವಾಗಿ, ಮಾರಿಯೊನಂಥ ಪಾತ್ರ ಇನ್ನಷ್ಟು ಜನರಿಗೆ ಪರಿಚಯವಾಗಲಿ ಎಂದು. ನಿಂಟೆಂಡೊ ಲೆಕ್ಕಪತ್ರದಲ್ಲಿ ಮೊಬೈಲ್ ಆದಾಯವೂ ಸಿನಿಮಾ, ಪರವಾನಗಿಯಿಂದ ಬರುವ ಆದಾಯವೂ ಒಂದೇ ಸಾಲಿನಲ್ಲಿವೆ. ಮಾರಿಯೊ ಅನಿಮೇಷನ್ ಚಿತ್ರ ಜಗತ್ತಿನಾದ್ಯಂತ 130 ಕೋಟಿ ಡಾಲರ್ ದಾಟಿದ ವರ್ಷ, ಅಂದರೆ 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲೂ, ಆ ಸಾಲಿನ ಮೊತ್ತ 92.7 ಶತಕೋಟಿ ಯೆನ್. ಒಟ್ಟು ಮಾರಾಟ 1,671.8 ಶತಕೋಟಿ. ನೂರಕ್ಕೆ ಆರೂ ಆಗಲಿಲ್ಲ. ಉಳಿದದ್ದು ಬಹುತೇಕ ಯಂತ್ರ ಮತ್ತು ಅದರ ಆಟಗಳದ್ದೇ. ಮೊಬೈಲ್, ಸಿನಿಮಾ, 2021ರಲ್ಲಿ ಒಸಾಕಾದಲ್ಲಿ ತೆರೆದ ಪಾರ್ಕ್, ಇವೆಲ್ಲ ಊರಿಂದ ಅಂಗಡಿಗೆ ಹಾಕಿದ ರಸ್ತೆಗಳು. ರಸ್ತೆಯ ಟೋಲ್ ನೋಡಿ ಅಂಗಡಿಯ ವ್ಯಾಪಾರ ಅಳೆಯಲಾಗದು.

ಪಾತ್ರ ಯಾರ ಕೈಯಲ್ಲಿದೆ ಎಂಬುದನ್ನು ಷೇರು ಪೇಟೆಯೇ ಮರೆತದ್ದುಂಟು. 2016ರ ಜುಲೈನಲ್ಲಿ ಪೋಕೆಮಾನ್ ಗೋ ಬಂದಾಗ ನಿಂಟೆಂಡೊ ಷೇರು ಗಗನಕ್ಕೇರಿತು. ಆಟ ಮಾಡಿದ್ದು ನಯಾಂಟಿಕ್ ಎಂಬ ಬೇರೆ ಕಂಪನಿ. ಪೋಕೆಮಾನ್ ಕಂಪನಿಯಲ್ಲಿ ನಿಂಟೆಂಡೊ ಪಾಲು 32%. ಇದರಿಂದ ತನ್ನ ಲಾಭಕ್ಕೆ ಆಗುವ ಪರಿಣಾಮ ಸೀಮಿತ ಎಂದು ಕಂಪನಿಯೇ ಹೇಳಿದ ಮರು ವಹಿವಾಟಿನ ದಿನ, ಜುಲೈ 25ರಂದು, ಷೇರು ಸುಮಾರು 18% ಬಿತ್ತು.

ಈ ಕನ್ನಡಿಯಲ್ಲಿ ನಮ್ಮ ಮುಂಬೈ, ಪುಣೆ ನೋಡಿಕೊಳ್ಳಬೇಕು. ಮುಂಬೈಯ ನಜಾರಾ ಎಂಬ ಗೇಮ್ ಕಂಪನಿ ಹೋದದ್ದು ಉಲ್ಟಾ ದಾರಿ: ಮೊಬೈಲ್‌ನಲ್ಲಿ ಬೇರೂರಿ, ಛೋಟಾ ಭೀಮ್‌ನಂಥ ಬೇರೆಯವರ ಪಾತ್ರಗಳನ್ನು ಪರವಾನಗಿ ಮೇಲೆ ತಂದು, ಆಮೇಲೆ ನಾಡ್‌ವಿನ್ ಮೂಲಕ ಇ-ಸ್ಪೋರ್ಟ್ಸ್, ಕಿಡ್ಡೋಪಿಯಾ ಮೂಲಕ ಪುಟ್ಟ ಮಕ್ಕಳ ಚಂದಾ ಆ್ಯಪ್, ಸ್ಪೋರ್ಟ್ಸ್‌ಕೀಡಾ ಮೂಲಕ ಸುದ್ದಿ ಎಂದು ಕೊಳ್ಳುತ್ತ ಬೆಳೆದು 2021ರ ಮಾರ್ಚ್‌ನಲ್ಲಿ ಷೇರು ಪೇಟೆಗೆ ಬಂತು. 2024ರಲ್ಲಿ ಕೊಂಡ ಬ್ರಿಟನ್ನಿನ ಫ್ಯೂಸ್‌ಬಾಕ್ಸ್ ಮಾಡುವುದು ಟಿವಿ ಕಾರ್ಯಕ್ರಮಗಳ ಆಟ. ವ್ಯಾಪಾರವಾಗಿ ಇದರಲ್ಲಿ ತಪ್ಪಿಲ್ಲ, ಆದರೆ ಪರವಾನಗಿಯ ಪಾತ್ರ ಬಾಡಿಗೆ ಮನೆಯಿದ್ದಂತೆ. ಅವಧಿ ಮುಗಿದ ದಿನ ಆಟವನ್ನು ಅಂಗಡಿಯಿಂದ ಇಳಿಸಬೇಕಾಗುತ್ತದೆ. ಪುಣೆಯಲ್ಲಿ ಯೂಬಿಸಾಫ್ಟ್‌ನಂಥ ದೊಡ್ಡ ಸ್ಟುಡಿಯೊ ಇದೆ, ಕೈಗಳು ನುರಿತಿವೆ. ಆಟದ ಪಾತ್ರಗಳು ಮಾತ್ರ ಬೇರೆ ದೇಶದವು. ಪುಣೆಯದೇ ಸ್ವಂತ ಪಾತ್ರ ಎಂದು ಬೆರಳು ಮಡಿಚಲು ಹೊರಟರೆ ಮೊದಲು ನೆನಪಾಗುವುದು 2020ರ 'ರಾಜಿ' ಎಂಬ ಆಟದ ಹುಡುಗಿ. ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ ಆ ಆಟವನ್ನು ಕನ್ಸೋಲ್‌ನಿಂದ ಶುರು ಮಾಡಿತು, ನಂತರ ನೆಟ್‌ಫ್ಲಿಕ್ಸ್ ಮೂಲಕ ಫೋನಿಗೂ ತಂದಿತು. ಸಿನಿಮಾ, ಕಾಮಿಕ್ಸ್, ಗೊಂಬೆ ಏನೇ ಆಗಬೇಕಿದ್ದರೂ ಇಂಥ ಸ್ವಂತ ಹುಡುಗಿಯಿಂದಲೇ ಆಗಬೇಕು. ಹೊಸದಾಗಿ ಕೆಲಸಕ್ಕೆ ಸೇರುವವರು ಸಂಬಳದ ಜೊತೆಗೆ ಈ ಪ್ರಶ್ನೆಯನ್ನೂ ಕೇಳಲಿ: ನಾವು ಮಾಡುವ ಪಾತ್ರದ ಹಕ್ಕು ಯಾರದು?

ಕೊನೆಗೆ ನಮ್ಮ ಭಾಷೆಯ ಮಾತು. ಪಾತ್ರ ಮನೆಮಾತಾಗಬೇಕಾದರೆ ಅದು ಮನೆಯ ಮಾತಾಡಬೇಕು. ಆದರೆ ಇಂಗ್ಲಿಷ್‌ಗೆ ಕಟ್ಟಿದ ಆಟಕ್ಕೆ ಕನ್ನಡ ಸುರಿದರೆ ಅಕ್ಷರ ಒಡೆಯುತ್ತದೆ. ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟುವ ತಂತ್ರಾಂಶದಲ್ಲಿ, ಅಕ್ಷರ ತೋರಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಕೋಡಿನಲ್ಲಿ ಬಂದ ಕ್ರಮದಲ್ಲೇ ಅಕ್ಷರ ಜೋಡಿಸುತ್ತದೆ, ಒತ್ತು ಕಟ್ಟುವುದಿಲ್ಲ. 'ಸೂರ್ಯ' ಹೋಗಿ 'ಸೂರ್‌ಯ', 'ಶಕ್ತಿ' ಹೋಗಿ 'ಶಕ್‌ತಿ'. ಒತ್ತಕ್ಷರಗಳ ರೂಪಕ್ಕೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆ ಇಲ್ಲವಾದ್ದರಿಂದ ಫಾಂಟ್ ಪಟ್ಟಿಗೆ ಸೇರಿಸಿ ಸರಿಪಡಿಸಲೂ ಆಗದು. ನುಡಿ, ಬರಹ ಕಾಲದ ಹಳೆಯ ಫಾಂಟ್‌ಗಳ ಅಡ್ಡದಾರಿ ಇದೆ. ಆಟಗಾರ ತಾನೇ ಟೈಪ್ ಮಾಡಿದ ಹೆಸರು ಯೂನಿಕೋಡ್‌ನಲ್ಲಿ ಬರುವಾಗ ಅದೂ ಎಡವುತ್ತದೆ. ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಒತ್ತುಗಳನ್ನು ಸರಿಯಾಗಿ ಕಟ್ಟುತ್ತದೆ. ಯೂನಿಟಿಯಂಥವೇ ಆದ ಗೊಡೊ 4 ಮತ್ತು ಅನ್‌ರಿಯಲ್‌ನಲ್ಲಿ ಅದು ಇದ್ದೇ ಇದೆ. ಎಂಜಿನ್ ಆರಿಸುವ ದಿನವೇ ಇದನ್ನು ನೋಡಬೇಕು, ಬಿಡುಗಡೆಗೆ ಮೂರು ವಾರ ಇರುವಾಗ ಅಲ್ಲ.

ಒತ್ತು ಕೂಡಿದರೂ ಗುಂಡಿಯ ಎತ್ತರ ಇಂಗ್ಲಿಷ್‌ನದೇ ಇದ್ದರೆ 'ಲಕ್ಷ್ಮಿ'ಯ ಕಾಲು ಕತ್ತರಿಸಿ ಹೋಗುತ್ತದೆ. ಅದಕ್ಕೆ ಅಕ್ಷರ ಸಣ್ಣದು ಮಾಡಬೇಡಿ, ಸಾಲಿನ ಎತ್ತರ ಹೆಚ್ಚಿಸಿ. ಮತ್ತೆ ವಿಭಕ್ತಿ. ಇಂಗ್ಲಿಷ್ ವಾಕ್ಯದಲ್ಲಿ ಹೆಸರಿಗೆ ಖಾಲಿ ಜಾಗ ಬಿಟ್ಟಂತೆ ಇಲ್ಲಿ ಬಿಟ್ಟು 'ಗೆ' ಅಂಟಿಸಿದರೆ 'ಮಂಜುನಾಥಗೆ 50 ನಾಣ್ಯ', 'ಸುರೇಶಗೆ ಗೆಲುವು' ಎಂದು ಬರುತ್ತದೆ. 'ಗೆದ್ದವರು: ಸುರೇಶ' ಎಂದು ಹೆಸರನ್ನು ಒಂಟಿಯಾಗಿ ನಿಲ್ಲುವಂತೆ ವಾಕ್ಯ ಬದಲಿಸಿದರೆ ಮುಗಿಯಿತು. ಅನುವಾದಕರಿಗೆ ಬರೀ ಎಕ್ಸೆಲ್ ಹಾಳೆ ಕಳಿಸದೆ, ಆ ಸಾಲು ಪರದೆಯಲ್ಲಿ ಎಲ್ಲಿ ಬರುತ್ತದೆ ಎಂಬ ಚಿತ್ರವನ್ನೂ ಕಳಿಸಬೇಕು. ಇಲ್ಲದಿದ್ದರೆ 'ಪ್ಲೇ' ಗುಂಡಿ 'ನಾಟಕ' ಆಗಿ ವಾಪಸ್ ಬರುತ್ತದೆ.

ಯಾವ ಕಂಪನಿಯಾದರೂ ಕನ್ನಡ ಸೇರಿಸಲು ಮನಸ್ಸು ಮಾಡಿದರೆ ಪರೀಕ್ಷೆಗೆ ಈ ಆರು ಪದ ಸಾಕು: ಸೂರ್ಯ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ವೈಶಿಷ್ಟ್ಯ, ಮುಂದುವರಿಸಿ. ಮೊದಲ ಐದು ಒತ್ತಿಗೆ, ಕೊನೆಯದು ಗುಂಡಿಯ ಅಗಲಕ್ಕೆ.

ಇತಿ,
ಗೇಮ್ ಉದ್ಯಮದಲ್ಲಿ ದುಡಿಯುವ ಕೆಲವು ಕನ್ನಡಿಗರು
ಪುಣೆ ಮತ್ತು ಮುಂಬೈ