ತಟ್ಟೆ ಮಗುಚಿ ನೋಡುವ ಊರು

ಸ್ಟೋಕ್-ಆನ್-ಟ್ರೆಂಟ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಜೆಪ್ಪುವಿನ ಮನೆಯಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕಳೆದ ವಾರ ದೊಡ್ಡಪ್ಪ ಫೋನಿನಲ್ಲಿ, "ಲಂಡನ್ ಗೊತ್ತು, ಮ್ಯಾಂಚೆಸ್ಟರ್ ಗೊತ್ತು, ನೀನಿರುವುದು ಯಾವ ಊರು ಮಾರಾಯ್ತಿ?" ಎಂದು ಕೇಳಿದ್ದಕ್ಕೆ ಉತ್ತರವಾಗಿ ಈ ಪತ್ರ.

ಇದು ಪಿಂಗಾಣಿಯ ಊರು. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪಟ್ಟಣಗಳು 1910ರಲ್ಲಿ ಒಂದಾಗಿ 1925ರಲ್ಲಿ ನಗರವೆನಿಸಿಕೊಂಡರೂ, ನಮ್ಮವರು ಮಂಗಳೂರು ಎನ್ನುವ ಮೊದಲು ಬೋಳೂರು, ಕುದ್ರೋಳಿ ಎನ್ನುವ ಹಾಗೆ ಇಲ್ಲಿನವರೂ ತಮ್ಮ ತಮ್ಮ ಪಟ್ಟಣದ ಹೆಸರನ್ನೇ ಹೇಳುತ್ತಾರೆ. ಬಾಟಲಿಯ ಆಕಾರದ ಇಟ್ಟಿಗೆಯ ಸುಡುಗೂಡುಗಳು ಒಂದು ಕಾಲಕ್ಕೆ 2,000ಕ್ಕೂ ಹೆಚ್ಚಿದ್ದವಂತೆ. ಈಗ 50 ಕೂಡ ಉಳಿದಿಲ್ಲ, ಉಳಿದವುಗಳಲ್ಲಿ ಹೊಗೆಯಿಲ್ಲ.

ಪಕ್ಕದ ಮನೆಯ ಅಜ್ಜಿ ಕಾರ್ಖಾನೆಯೊಂದರಲ್ಲಿ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದವರು. ಮೊನ್ನೆ ನನ್ನನ್ನು ಹೋಟೆಲಿಗೆ ಕರೆದೊಯ್ದಾಗ, ತಿಂಡಿ ಬರುವ ಮೊದಲೇ ಖಾಲಿ ತಟ್ಟೆಯನ್ನು ಮಗುಚಿ, ಕನ್ನಡಕ ಸರಿಸಿಕೊಂಡು ತಳದ ಮುದ್ರೆ ಓದಿದರು. ತಮ್ಮ ಊರಿನದೇ ಎಂದು ಖಾತ್ರಿಯಾದ ಮೇಲೆ ನನಗೂ ತೋರಿಸಿದರು. ಈ ಊರಿನವರು ಎಲ್ಲಿಗೆ ಹೋದರೂ ಹೀಗೆ ಮಾಡುತ್ತಾರಂತೆ. (ಬಂದ ತಿಂಡಿ ಓಟ್ಸ್ ಹಿಟ್ಟನ್ನು ಹುದುಗಿಸಿ ಹೊಯ್ದ ದೋಸೆಯಂಥದ್ದು. ಚಟ್ನಿಯ ಬದಲು ಒಳಗೆ ಚೀಸು ಇದ್ದುದನ್ನು ಅಮ್ಮನಿಗೆ ಹೇಳಬೇಡಿ.)

ಆಗ ನಮ್ಮ ಜಗಲಿ ನೆನಪಾಯಿತು. ಚಾಪೆಯ ಮೇಲೆ ಮಲಗಿ ಮಾಡಿನತ್ತ ನೋಡಿದರೆ ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್, 1865, ಮಂಗಳೂರು ಎಂಬ ಮುದ್ರೆ. ನಾನು ಮೊದಲು ಕೂಡಿಸಿ ಓದಿದ ಇಂಗ್ಲಿಷ್ ಅಕ್ಷರಗಳು ಅವೇ. ಅದು ಆ ಮಿಷನ್ನಿನ ಜರ್ಮನ್ ಮಿಷನರಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷವೆಂದು ಹೇಳಿಕೊಟ್ಟವರು ಅಜ್ಜ. ನೇತ್ರಾವತಿಯ ಆವೆಮಣ್ಣು ಹೊತ್ತು ಅವರ ಹೆಗಲು ಒಂದು ಬದಿಗೆ ವಾಲಿತ್ತು. ಅವರು ಹಂಚಿನ ಕಾರ್ಖಾನೆಯ ಕೂಲಿಯಾಳೆಂದು ಶಾಲೆಯಲ್ಲಿ ಹೇಳಲು ನಾನು ನಾಚುತ್ತಿದ್ದೆ, ಅಪ್ಪ. ಆ ಅಜ್ಜಿಗೆ ಮಾತ್ರ ಎಲ್ಲವನ್ನೂ ಹೇಳಿದೆ; ಅವರು ಮೊದಲು ಕೇಳಿದ್ದು, ಮಣ್ಣು ಯಾವ ಬಣ್ಣದ್ದೆಂದು.

ಹಿತ್ತಲ ಕೊಟ್ಟಿಗೆಯ ಮಾಡು ತೆಗೆದು ಶೀಟು ಹಾಕಿಸುವುದಾಗಿ ಹೇಳಿದಿರಿ. ಹಾಕಿಸಿ, ಮಳೆಗಾಲಕ್ಕೆ ಮುಂಚೆ ಸೋರುವುದು ನಿಲ್ಲಲಿ. ಆದರೆ ಮುದ್ರೆ ಸ್ಪಷ್ಟವಾಗಿರುವ ಎರಡು ಹಂಚುಗಳನ್ನು ತೆಗೆದಿಡಿ, ಒಂದು ನನಗೆ, ಒಂದು ಪಕ್ಕದ ಮನೆಯ ಅಜ್ಜಿಗೆ. ವಿಮಾನದಲ್ಲಿ ತೂಕ ಹೆಚ್ಚಾದರೆ ಈ ಸಲ ಕುಚ್ಚಲಕ್ಕಿಯನ್ನು ಬಿಟ್ಟು ಬರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು