ಸಾಸಿವೆಗಿಂತ ದೊಡ್ಡದು

ಉಟ್ರೆಕ್ಟ್, ನೆದರ್ಲ್ಯಾಂಡ್ಸ್

ಪ್ರೀತಿಯ ಅಕ್ಕ,

‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಕ್ಷೇಮವಾಗಿಯೇ ಇದ್ದೇನೆ, ಗಾಬರಿಯಾಗಬೇಡ. ಅಮ್ಮನಿಗೆ ಓದಿ ಹೇಳುವಾಗ ಮಾತ್ರ ಇಲ್ಲಿಂದ ಮುಂದಿನದನ್ನು ಬಿಟ್ಟು, ಮಗ ಸೈಕಲ್ ಕಲಿತ ಸುದ್ದಿ ಹೇಳಿಬಿಡು. ಕಥೆ ಕಟ್ಟುವುದರಲ್ಲಿ ಹೇಗೂ ನೀನೇ ಜಾಣೆ.

ಕಳೆದ ತಿಂಗಳು ತಲೆಯ ಸ್ಕ್ಯಾನ್ ಮಾಡಿಸಿಕೊಂಡೆ. ಅಪ್ಪನಿಗೂ ಅಣ್ಣನಿಗೂ ಮಿದುಳಿನ ರಕ್ತನಾಳ ಉಬ್ಬಿ ಒಡೆದದ್ದನ್ನು ಕೇಳಿದ ವೈದ್ಯೆ ಲೆಕ್ಕ ಹೇಳಿದರು. ಮಿದುಳಿನ ರಕ್ತನಾಳದ ಉಬ್ಬು ಸಾಮಾನ್ಯವಾಗಿ ನೂರರಲ್ಲಿ ಮೂವರಿಗೆ ಇರುತ್ತದಂತೆ. ನಮ್ಮ ಹಾಗೆ ಹೆತ್ತವರು, ಒಡಹುಟ್ಟಿದವರಲ್ಲಿ ಇಬ್ಬರಿಗೆ ಆಗಿದ್ದರೆ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ಸಿಗುತ್ತದಂತೆ. ಎಂಆರ್‌ಐ ಯಂತ್ರದೊಳಗೆ ಅಡಿಕೆ ಸುಲಿಯುವ ಮಷೀನಿನಂಥದೇ ಸದ್ದು. ಕಣ್ಣು ಮುಚ್ಚಿದರೆ ನಮ್ಮ ಅಂಗಳ, ಅಡಿಕೆ ಹರವುತ್ತಿದ್ದ ಅಪ್ಪ ‘ತಲೆ ಸಿಡಿಯಿತು’ ಎಂದು ಕುಸಿದು ಕುಳಿತದ್ದು. ಆ ಹೊತ್ತಿನಲ್ಲಿ ಬೇರೇನೂ ನೆನಪಾಗಲಿಲ್ಲ.

ನನ್ನಲ್ಲೂ ಇದೆ. ಮೂರು ಮಿಲಿಮೀಟರ್. ವೈದ್ಯೆ ಕಾಗದದ ಮೇಲೆ ಕವಲೊಡೆದ ಗೆರೆ ಎಳೆದು, ಕವಲಿನಲ್ಲಿ ಒಂದು ಚುಕ್ಕೆ ಇಟ್ಟರು. ಸಾಸಿವೆಗಿಂತ ದೊಡ್ಡದು, ಕಾಳುಮೆಣಸಿಗಿಂತ ಸಣ್ಣದು. ಒಡೆಯುವ ಸಂಭವ ತೀರಾ ಕಡಿಮೆ, ತಲೆ ತೆರೆದು ಉಬ್ಬಿಗೆ ಕ್ಲಿಪ್ ಹಾಕುವುದರಲ್ಲೋ ತೊಡೆಯ ಸಂದಿಯಿಂದ ಕೊಳವೆ ತೂರಿಸಿ ಉಬ್ಬಿನೊಳಗೆ ತಂತಿಯ ಸುರುಳಿ ತುಂಬುವುದರಲ್ಲೋ ಇರುವ ಅಪಾಯವೇ ಹೆಚ್ಚು, ವರ್ಷ ಬಿಟ್ಟು ಮತ್ತೆ ನೋಡೋಣ ಎಂದರು. ತಲೆಯಾಡಿಸಿ ಮನೆಗೆ ಬಂದೆ.

ಅಂದಿನಿಂದ ಸೀನು ಬಂದರೂ ಮೂಗು ಹಿಡಿದುಕೊಳ್ಳುತ್ತೇನೆ. ಅಕ್ಕಿಚೀಲ ಎತ್ತುವುದಿಲ್ಲ. ಎತ್ತಬಾರದೆಂದು ಯಾರೂ ಹೇಳಿಲ್ಲ. ಕುಕ್ಕರ್ ಕೂಗಿದರೆ ಎದೆ ಧಸಕ್ಕೆನ್ನುತ್ತದೆ. ಅಮೃತಾಂಜನದ ಡಬ್ಬಿ ಹುಡುಕಿದರೆ ಸಾಕು, ಇವರ ಮುಖ ಬಾಡುತ್ತದೆ. ಅದಕ್ಕೇ ಬಚ್ಚಲಲ್ಲಿ ನಿಂತು ಹಚ್ಚಿಕೊಳ್ಳುತ್ತೇನೆ. ಅದರ ವಾಸನೆಯನ್ನು ಮುಚ್ಚಿಡಲಾಗುತ್ತದೆಯೇ? ಹಿಂದೆಯೂ ತಲೆ ನೋಯುತ್ತಿತ್ತು. ಆಗ ಅದು ಬರೀ ತಲೆನೋವಾಗಿತ್ತು.

ದೀಪಾವಳಿಯ ದಿನ ಫೋನಿನಲ್ಲಿ ‘ಪರೀಕ್ಷೆ ಮಾಡಿಸಿಕೊಳ್ಳಲು ನಿನಗೇನು ಧಾಡಿ, ಹೇಡಿ’ ಎಂದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ತಿಳಿದು ಮಾಡುವುದೇನು?’ ಎಂದು ನೀನು ಕೇಳಿದ್ದೆ. ಸ್ಕ್ಯಾನಿಗೆ ಮೊದಲು ವೈದ್ಯೆಯೂ ಅದನ್ನೇ ಕೇಳಿದ್ದರು: ಸಿಕ್ಕರೆ ಏನು ಮಾಡುತ್ತೀರಿ, ಸಿಕ್ಕಿದ್ದನ್ನು ಹೊತ್ತುಕೊಂಡು ಇರಬಲ್ಲಿರಾ? ಕೊರಿಯರ್‌ನವನಿಗೆ ಸಹಿ ಹಾಕುವಷ್ಟು ಸಲೀಸಾಗಿ ಹೂಂ ಎಂದಿದ್ದೆ. ಏನೂ ಸಿಗದಿದ್ದರೂ ಐದಾರು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕಂತೆ. ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವೇ ಎಂದು ಕೇಳಬೇಡ. ಬೆಳಿಗ್ಗೆ ಒಂದು ಉತ್ತರ ಬರುತ್ತದೆ, ರಾತ್ರಿ ಇನ್ನೊಂದು. ನಿನ್ನದನ್ನು ನೀನೇ ತೀರ್ಮಾನಿಸು, ನಾನು ಒತ್ತಾಯಿಸುವುದಿಲ್ಲ.

ಬಿಪಿಯ ವಿಷಯದಲ್ಲಿ ಮಾತ್ರ ಬಿಡುವವಳಲ್ಲ, ತಿಂಗಳಿಗೊಮ್ಮೆ ನೋಡಿಸು. ಅಣ್ಣ ಮತ್ತೆ ಸಿಗರೇಟು ಹಚ್ಚಿದ್ದಾನೆಂದು ಅತ್ತಿಗೆ ಅತ್ತುಕೊಂಡರು. ಒಮ್ಮೆ ಒಡೆದು ಬದುಕಿ ಬಂದವನು ಅದನ್ನು ಮುಟ್ಟಲೇಬಾರದು. ಅವನಿಗೆ ಬಯ್ಯುವ ಕೆಲಸ ನಿನ್ನದು, ನನ್ನ ಮಾತನ್ನು ಅವನು ಕೇಳುವುದಿಲ್ಲ.

ಈ ಸಲದ ಪಾರ್ಸೆಲ್‌ನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇರಲಿ. ಕಾಳುಮೆಣಸು ಕಳಿಸುವುದಾದರೆ ಪುಡಿ ಮಾಡಿ ಕಳಿಸು.

ನಿನ್ನ ತಂಗಿ